ತೊಡೆಯೊಳಗಿನ ಸಾಕ್ಷಿ

ಹಿತ್ತಾಳೆ ಗುಂಡಿಯ ಮೇಲೆ ಬೆಳಕು ಕೂತಿದೆ, ನನ್ನ ಮುದುಕ ಉಸಿರೆಳೆದಾಗ ಹೊಳೆಯುತ್ತದೆ, ಬಿಟ್ಟಾಗ ಆರುತ್ತದೆ — ಬೆಳಿಗ್ಗೆ ನಿಂಬೆಹಣ್ಣು ಹಾಕಿ ತಿಕ್ಕಿದವಳು ನಾನೇ, ಇದೇ ಸಮವಸ್ತ್ರದಲ್ಲಿ ನನ್ನನ್ನ ಮಣ್ಣು ಮಾಡಿ ಅಂತಾನೆ, ಮಾಡೋಣ, ಆದರೆ ಅವತ್ತು ಈ ಗುಂಡಿಗಳನ್ನೆಲ್ಲ ಕಿತ್ತು ಬಟ್ಟೆಯ ಗುಂಡಿ ಹೊಲಿಯುತ್ತೇನೆ, ಲಾವೋಸಿನ ಬೆಟ್ಟದ ನಮ್ಮ ಹ್ಮೊಂಗ್ ಜನರ ಹೆಣದ ಮೇಲೆ ಲೋಹದ ಚೂರೂ ಇರಬಾರದು, ಕೊಕ್ಕೆ ಇಲ್ಲ, ಜಿಪ್ ಇಲ್ಲ, ಒಂದು ಗುಂಡುಸೂಜಿ ಮರೆತು ಉಳಿದರೂ ಮೊಮ್ಮಕ್ಕಳ ಮೈಯಲ್ಲಿ ಅದೇ ಜಾಗ ನೋಯುತ್ತದೆ, ಸರಿ, ಗುಂಡಿ ಕೀಳಬಹುದು, ಅವನ ತೊಡೆಯೊಳಗೆ ಕೂತಿರುವ ಕಬ್ಬಿಣವನ್ನು ಯಾವ ಕತ್ತರಿಯಿಂದ ಕೀಳಲಿ. ನಾವು ಮೇಲಿನ ಗ್ಯಾಲರಿಯಲ್ಲಿ, ಕೆಳಗೆ ಶಾಸನಸಭೆಯಲ್ಲಿ ಯಾರೋ ಮಾತಾಡುತ್ತಲೇ ಇದ್ದಾರೆ, ಅಮೆರಿಕದ ಈ ಸೇಂಟ್ ಪಾಲಿಗೆ ಬಂದು ಮುದುಕಿಯಾದರೂ ಈ ಇಂಗ್ಲಿಷು ನನಗೆ ಕೋಳಿ ಕೆದಕಿದ ಹಾಗೇ ಕೇಳುತ್ತದೆ, ಮೊಮ್ಮಗಳು ಗೌಶೆಂಗ್ ಕಿವಿಯ ಹತ್ತಿರ ಬಂದು, ಅಜ್ಜೀ, ಈಗ ನಮ್ಮದೇ, ಲಾವೋಸಲ್ಲಿ ಅಮೆರಿಕದ ಪರ ಹೊಡೆದಾಡಿದೋರೂ ಈ ರಾಜ್ಯದಲ್ಲಿ ಮಾಜಿ ಸೈನಿಕರೇ ಅಂತ ಕಾನೂನು, ಆ ಹಲಗೆ ನೋಡ್ತಿರು, ಹಸಿರು ದೀಪ ಜಾಸ್ತಿ ಬಂದ್ರೆ ಗೆದ್ವಿ. ಹೇಳಿ ಕಾಲು ಚಾಚಿ ತೊಡೆ ನೀವಿಕೊಳ್ಳುತ್ತಾಳೆ, ಏನೇ ಅದು, ಏನಿಲ್ಲ ಅಜ್ಜಿ, ಫುಟ್‌ಬಾಲ್ ಆಡಿ ಹಿಡ್ಕೊಂಡಿದೆ, ಬಗ್ಗಿ ನೋಡುತ್ತೇನೆ, ಬಲಗಾಲೇ.

ಬಲಗಾಲೇ ಅವನದೂ, ಬೆಟ್ಟದ ಮೇಲೆ ಶೆಲ್ ಬಿದ್ದ ದಿನ ಅವನನ್ನು ಬಾಗಿಲು ಹಲಗೆಯ ಮೇಲೆ ಹೊತ್ತು ತಂದರು, ನಾನು ಹೊಸ ಸೊಸೆ, ತೊರೆಯ ನೀರಿನಲ್ಲಿ ಗಾಯ ತೊಳೆಯುತ್ತೇನೆ, ಇನ್ನೂ ಒಂದು ಚೂರು ಒಳಗಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಸಿಗುವುದಿಲ್ಲ, ಯುದ್ಧ ಸೋತು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಓಡುವಾಗ ಬಿದಿರಿಗೆ ಜೋತುಬಿದ್ದು ಒಂದೇ ಕಾಲು ಬಡಿದ, ಮಗು ನನ್ನ ಬೆನ್ನಿನ ಮೇಲೆ, ವಿಮಾನ ಹತ್ತಿ ಹೋದ ಅಮೆರಿಕದವರು ತಿರುಗಿ ನೋಡಲಿಲ್ಲ. ಆಮೇಲೆ ಇಲ್ಲಿ, ಮಾಜಿ ಸೈನಿಕರ ಕಚೇರಿಯಲ್ಲಿ ಗಾಜಿನ ಕಿಟಕಿಯ ಹಿಂದಿನ ಹುಡುಗ, ನೀವು ಯಾರ ಸೈನ್ಯದಲ್ಲಿದ್ರಿ, ನಿಮ್ಮದೇ ಸೈನ್ಯ ಸ್ವಾಮಿ, ನಮ್ಮ ಸೈನ್ಯ ಲಾವೋಸಲ್ಲಿ ಇರಲೇ ಇಲ್ಲವಲ್ಲ, ಗುಟ್ಟಿನ ಯುದ್ಧ, ಯಾವ ಕಾಗದದಲ್ಲೂ ಇಲ್ಲ, ಹಾಗಾದ್ರೆ ಇದನ್ನ ಮುಟ್ಟಿ ನೋಡು ಅಂತ ಮುದುಕ ಪ್ಯಾಂಟಿನ ಬೆಲ್ಟಿಗೆ ಕೈ ಹಾಕಿದ, ನಾನು ಹಿಡಿದೆಳೆದುಕೊಂಡು ಬಂದೆ, ನಾಚಿಕೆಗೆಟ್ಟವನು. ಡಾಕ್ಟರಮ್ಮ ಕಾಲಿನೊಳಗಿನ ಫೋಟೋ ತೆಗೆದು ದೀಪದ ಮುಂದೆ ಹಿಡಿದಳು, ಕಪ್ಪು ಹಾಳೆ, ನಡುವೆ ಬೆಳ್ಳಗೆ ಒಂದು ಅನ್ನದ ಅಗುಳು, ಇಷ್ಟೇನಾ, ಚಿಕ್ಕ ಕೆಲಸ, ತೆಗೆದುಬಿಡ್ತೀನಿ ಅಂದಳು, ತಲೆ ಮೇಲೆ ತಲೆ ಬಿದ್ರೂ ತೆಗೆಸಲ್ಲ ಅಂದ ಇವನು, ನನಗಿರೋ ಸಾಕ್ಷಿ ಇದೊಂದೇ, ಅವರು ಒಪ್ಪೋ ತನಕ ಒಳಗೇ ಇರ್ಲಿ. ಸತ್ತ ಮೇಲೆ ಏನ್ಮಾಡ್ತೀಯೋ ಮುದುಕಾ, ಕಬ್ಬಿಣ ಹೊತ್ತುಕೊಂಡು ಕುಂಟ್ತೀಯಾ, ದಾರಿ ತೋರಿಸೋ ಹಾಡು ನಿನ್ನನ್ನ ಹುಟ್ಟಿದ ಮನೆಗೆ ಕರ್ಕೊಂಡು ಹೋಗ್ಬೇಕು, ಹೆತ್ತ ದಿನ ನಡುಗಂಬದ ಬುಡದಲ್ಲಿ ಹೂತಿಟ್ಟ ನಿನ್ನ ಮಾಸು ಅಗೆದು ತೊಟ್ಕೋಬೇಕು, ಅದೇ ನಿನ್ನ ಮೊದಲನೇ ಅಂಗಿ, ಕುಂಟ್ತಾ ಯಾವಾಗ ಮುಟ್ತೀಯ, ಮೊಮ್ಮಗಳ ಕಾಲಿಗೂ ಅಂಟಿಸಿ ಹೋಗ್ತೀಯಾ — ನೀನು ಸುಮ್ನಿರೇ ಮುದುಕಿ, ಅಷ್ಟೇ ಅವನ ಉತ್ತರ. ಅವನ ಜೊತೆ ಹೊಡೆದಾಡಿದ ಗೆಳೆಯ ವಾ ತೂ ಕಳೆದ ಚಳಿಗಾಲದಲ್ಲಿ ಹೋದ, ಪೆಟ್ಟಿಗೆಯ ಮೇಲೆ ಬಾವುಟ ಹೊದಿಸೋಣ ಅಂದರೆ ಅದು ಸೈನಿಕರಿಗೆ ಮಾತ್ರ ಅಂದರು, ಮುದುಕ ಆವತ್ತು ಊಟ ಮಾಡಲಿಲ್ಲ, ಕೆಮ್ಮು ಆವತ್ತಿನಿಂದಲೇ, ಇವತ್ತು ಆಗದಿದ್ದರೆ ಇನ್ನೊಂದು ಸಲಕ್ಕೆ ಇವನು ಉಳಿಯುವುದಿಲ್ಲ, ಕಬ್ಬಿಣವೂ ಇವನ ಜೊತೆಗೇ ಮಣ್ಣಿಗೆ.

ಹಲಗೆಯಲ್ಲಿ ಹಸಿರು, ಅದರ ಕೆಳಗೆ ಕೆಂಪು, ಮತ್ತೆ ಕೆಂಪು, ಅಯ್ಯೋ ಕೆಂಪು, ನನ್ನ ಅಂಗೈ ಅವನ ತೊಡೆಯ ಮೇಲಿದೆ, ಬಟ್ಟೆಯ ಕೆಳಗೆ ಗಂಟು, ಹಸಿರು, ಹಸಿರು, ಮೆಣಸಿನ ಗಿಡ ಚಿಗುರಿದ ಹಾಗೆ ಮೇಲಿಂದ ಕೆಳಗಿನ ತನಕ ಹಸಿರು, ಗೌಶೆಂಗ್ ನನ್ನ ಭುಜ ಅವುಚಿ ಹಿಡಿದಿದ್ದಾಳೆ, ಸುತ್ತಿಗೆಯ ಸದ್ದು, ಆಯ್ತು ಅಜ್ಜಿ, ಆಯ್ತು, ಗೆದ್ವಿ, ಸಾಲು ಸಾಲು ಮುದುಕರು ಎದ್ದು ನಿಂತಿದ್ದಾರೆ, ಬೆನ್ನು ಬಾಗಿದವರು, ಕಿವಿ ಕೇಳದವರು, ಕೆಳಗಿನವರೂ ಎದ್ದು ಮೇಲೆ ನೋಡಿ ಚಪ್ಪಾಳೆ ತಟ್ಟುತ್ತಿದ್ದಾರೆ, ತಟ್ಟಲಿ, ಕೈ ಕೆಂಪಾಗುವ ತನಕ ತಟ್ಟಲಿ, ಹಾಲು ಕುಡಿದಷ್ಟು ಸಂತೋಷ ನನಗೆ, ವಾ ತೂ ಇರಬೇಕಿತ್ತು. ಮುದುಕ ಸೆಲ್ಯೂಟ್ ಹೊಡೆದು ನಿಂತಿದ್ದಾನೆ, ಗಲ್ಲದ ತುಂಬ ನೀರು, ಒರೆಸಿಕೊಳ್ಳುವುದಿಲ್ಲ, ಮಗುವಾದ ಮೇಲೆ ನಮ್ಮಪ್ಪ, ಅಳಿಯ ದೊಡ್ಡವನಾದ ಅಂತ, ಇವನಿಗೆ ಹಿರಿಯರ ಹೆಸರಿಟ್ಟು ನೆಂಗ್ ಚೂ ಅಂತ ಕರೆದ ದಿನವೂ ಹೀಗೇ ನಿಂತಿದ್ದ, ಕೂತ್ಕೋ ಬಾ, ಕಾಲು ನೋಯುತ್ತೆ, ಕೂರುತ್ತಾನೆ, ನನ್ನ ಕೈಯನ್ನು ಎತ್ತಿ ತಾನೇ ಮತ್ತೆ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ, ಸಭೆಯ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ, ಆ ಡಾಕ್ಟರಮ್ಮನ ನಂಬರ್ ಇದೆಯೇನೇ ಮುದುಕಿ, ನಾಳೆ ಫೋನ್ ಮಾಡ್ಸು, ಇನ್ನು ಅದ್ರ ಕೆಲ್ಸ ಮುಗೀತು. ಮಾಡಿಸ್ತೀನಿ, ಬೆಳಿಗ್ಗೇನೇ ಮಾಡಿಸ್ತೀನಿ ಅನ್ನುತ್ತೇನೆ, ಗೌಶೆಂಗ್ ಆಗಲೇ ಮೆಟ್ಟಿಲು ಹಾರಿ ಹಾರಿ ಇಳಿಯುತ್ತಿದ್ದಾಳೆ, ಕುಂಟುತ್ತಿಲ್ಲ, ನನ್ನ ಅಂಗೈ ತಾನಾಗಿ ಮೇಲ್ಮುಖವಾಗಿ ಬಿಚ್ಚಿಕೊಂಡಿದೆ, ಡಾಕ್ಟರಮ್ಮ ಅದರಲ್ಲಿ ಆ ಚೂರು ಹಾಕುತ್ತಾಳೆ ಅನ್ನುವ ಹಾಗೆ, ಖಾಲಿ ಅಂಗೈ, ಕಪ್ಪು ಹಾಳೆ, ನಡುವೆ ಬೆಳ್ಳಗೆ ಒಂದು ಅಗುಳು, ತೊಳೆದದ್ದು, ಹೊರಗೆ ಬಂದದ್ದು, ಒಂದು ಅಗುಳು —