ಬೆಸ ಸಂಖ್ಯೆಯ ಕುರಿಗಳು

ಪಶುವೈದ್ಯ ಪಳನಿಯಪ್ಪನ್ ಮುನಿಲಕ್ಷ್ಮಮ್ಮನ ಅಂಗಳಕ್ಕೆ ಬರುವ ಮೊದಲೇ ತಮಿಳು ಸೀಮೆಯ ಮೇಚೇರಿಯ ಸುತ್ತಿನ ಆರು ಊರು ತಿರುಗಿದ್ದರು. ಆರರಲ್ಲೂ ಇಲ್ಲ ಎನ್ನಿಸಿಕೊಂಡಿದ್ದರು. ಅದು 1997ರ ಸೆಪ್ಟೆಂಬರ್. ಹಿಂದಿನ ಚಳಿಗಾಲದಲ್ಲಿ ಆ ಕಡೆಯ ಕುರಿಗಳಿಗೆ ಹಿರೇಬೇನೆ ಬಂದು ಹೋಗಿತ್ತು. ಮೊದಲು ಜ್ವರ, ಆಮೇಲೆ ಮೂಗು ಕಣ್ಣುಗಳಲ್ಲಿ ಸುರಿತ, ಬಾಯಿತುಂಬ ಹುಣ್ಣು, ಕೊನೆಗೆ ಭೇದಿ. ವಾರದೊಳಗೆ ಕುರಿ ನೆಲ ಹಿಡಿಯುತ್ತಿತ್ತು. ಬೆಳಿಗ್ಗೆ ಮೇಯಲು ಹೊಡೆದುಕೊಂಡು ಹೋಗಲು ಒಂದು ಕುರಿಯೂ ಉಳಿಯದ ರೊಪ್ಪಗಳಿದ್ದವು.

ಪಳನಿಯಪ್ಪನ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಆ ಬೇನೆಗೆ ಒಂದು ಲಸಿಕೆ ತಯಾರಾಗಿತ್ತು. ಅಲ್ಲಿನ ಕೊಟ್ಟಿಗೆಯಲ್ಲಿ ಸಾಕಿದ ಕುರಿಗಳನ್ನು ಅದು ಕಾಪಾಡಿತ್ತು. ಬಿಸಿಲಲ್ಲಿ ಅಲೆದು ಮೇಯುವ, ಸಂತೆಯಿಂದ ಬಂದ ಕುರಿಗಳ ಜೊತೆ ಬೆರೆಯುವ ಊರ ಮಂದೆಯನ್ನು ಕಾಪಾಡುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಅವರಿಗೊಂದು ಮಂದೆ ಬೇಕಿತ್ತು.

ಮುನಿಲಕ್ಷ್ಮಮ್ಮನಿಗೂ ಗಂಡ ಪುಟ್ಟಪ್ಪನಿಗೂ ಸೇರಿ ನಲವತ್ತು ಕುರಿಗಳಿದ್ದವು. ಹೊಲದ ಮಾತು ಪುಟ್ಟಪ್ಪನದು, ಕುರಿಯ ಮಾತು ಹೆಂಡತಿಯದು ಎಂದು ಊರಿಗೆಲ್ಲ ಗೊತ್ತಿತ್ತು. ಡಾಕ್ಟರು ಆಕೆಯ ಎದುರಿಗೇ ಕೂತು ತಮಿಳಿನಲ್ಲಿ ವಿವರಿಸಿದರು. ಇಪ್ಪತ್ತು ಕುರಿಗೆ ಲಸಿಕೆ ಹಾಕುವುದು, ಇಪ್ಪತ್ತಕ್ಕೆ ಹಾಕದೆ ಬಿಡುವುದು. ಎಲ್ಲವೂ ಒಂದೇ ರೊಪ್ಪದಲ್ಲಿ ಮಲಗಬೇಕು, ಒಂದೇ ತೊಟ್ಟಿಯಲ್ಲಿ ನೀರು ಕುಡಿಯಬೇಕು.

ಆಕೆ ಮನೆಯಲ್ಲಿ ಆಡುವ ಕನ್ನಡದಲ್ಲೇ ಕೇಳಿದಳು. ಸೂಜಿಮದ್ದಿಗೆ ಅವರ ಮಾತಿನಲ್ಲಿ ಊಸಿ. "ಊಸಿ ಒಳ್ಳೇದಾದ್ರೆ ಎಲ್ಲಕ್ಕೂ ಆಕ್ಬಿಡಿ ಸಾರ್. ಅರ್ಧ ಬಿಡೋದು ಯಾಕೆ?"

ಅಷ್ಟು ಕನ್ನಡ ಡಾಕ್ಟರಿಗೆ ಅರ್ಥವಾಗುತ್ತಿತ್ತು. ಎಲ್ಲಕ್ಕೂ ಹಾಕಿಬಿಟ್ಟು ಒಂದೂ ಸಾಯದಿದ್ದರೆ, ಮದ್ದಿನಿಂದ ಉಳಿದವೋ, ಬೇನೆಯೇ ಈ ಕಡೆ ಸುಳಿಯಲಿಲ್ಲವೋ ಹೇಳಲಾಗುವುದಿಲ್ಲ ಎಂದರು. ಬೇನೆ ಬಂದರೆ, ಹಾಕದೆ ಬಿಟ್ಟವು ಸಾಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಸತ್ತವಕ್ಕೆ ಸರಕಾರದಿಂದ ಏನಾದರೂ ಕೊಡಿಸುತ್ತೇನೆಂಬ ಮಾತನ್ನೂ ಕೊಡಲಿಲ್ಲ. ಆರು ಊರಲ್ಲೂ ಅವರು ಹೀಗೆಯೇ ಹೇಳಿದ್ದರು. ಆರು ಊರಲ್ಲೂ ಜನ ಎದ್ದು ಹೋಗಿದ್ದರು.

ಮುನಿಲಕ್ಷ್ಮಮ್ಮ ಎದ್ದು ಹೋಗಲಿಲ್ಲ, ಒಪ್ಪಲೂ ಇಲ್ಲ. ನಾಳೆ ಹೇಳುತ್ತೇನೆ ಎಂದಳು.

ಆಕೆಯ ತಲೆಯಲ್ಲಿದ್ದುದು ತಂಗಿ ಚಿನ್ನಕ್ಕನ ರೊಪ್ಪ. ಹಿಂದಿನ ಚಳಿಗಾಲದಲ್ಲಿ ಚಿನ್ನಕ್ಕ ಬೇವಿನ ಹೊಗೆ ಹಾಕಿದ್ದಳು, ಹುಣ್ಣಿಗೆ ಅರಿಶಿನ ಮೆತ್ತಿದ್ದಳು, ಮಾರಿಯಮ್ಮನಿಗೆ ಹರಕೆ ಕಟ್ಟಿದ್ದಳು. ಒಂದೂ ಉಳಿಯಲಿಲ್ಲ. ಸತ್ತವನ್ನು ಎಣಿಸಿ ಬರೆದುಕೊಳ್ಳಲು ಬಂದ ಸರಕಾರದವರನ್ನು ಇದಕ್ಕೆ ಮದ್ದೇ ಇಲ್ಲವೇ ಎಂದು ಮುನಿಲಕ್ಷ್ಮಮ್ಮ ಕೇಳಿದಾಗ, ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿ ಹೋಗಿದ್ದರು. ಇನ್ನೂ ಬರದೆ ಇರುವುದು ಎಲ್ಲಿಂದ, ಹೇಗೆ ಬರುತ್ತದೆ ಎಂದು ಆಕೆ ಆಗ ಯೋಚಿಸಿರಲಿಲ್ಲ.

ಊಟಕ್ಕೆ ಕೂತಾಗ ಪುಟ್ಟಪ್ಪ ಬೇಡವೆಂದ. ಗೊತ್ತಿದ್ದೂ ಗೊತ್ತಿದ್ದೂ ಅರ್ಧ ಮಂದೆಯನ್ನು ಬೇನೆಗೆ ಬಿಡುವುದು ಯಾವ ನ್ಯಾಯ ಎಂದು ಕೇಳಿದ.

"ಈಗ ನಲ್ವತ್ತನ್ನೂ ಬಿಟ್ಟೇ ಇದೀವಲ್ಲ," ಎಂದಳು ಅವಳು. "ಯಾರಾದ್ರೂ ಒಬ್ರ ರೊಪ್ಪದಾಗೆ ನೋಡ್ಲೇಬೇಕು. ಇಲ್ದಿದ್ರೆ ಆ ಮದ್ದು ಬರೋದು ಎಂಗೆ?"

ಮಾರನೇ ದಿನ ಆಕೆ ಹೂಂ ಎಂದ ಮೇಲೆ ಡಾಕ್ಟರು ಐಸ್ ತುಂಬಿದ ಪೆಟ್ಟಿಗೆಯೊಂದಿಗೆ ಬಂದರು. ಒಂದರಿಂದ ನಲವತ್ತರವರೆಗೆ ಬರೆದ ಚೀಟಿಗಳನ್ನು ಒಂದು ಚೊಂಬಿಗೆ ಹಾಕಿದರು. ಹಿಡಿದ ಕುರಿಗೊಂದು ಚೀಟಿ, ಕಿವಿಗೆ ಅದೇ ಸಂಖ್ಯೆಯ ಬಿಲ್ಲೆ. ಸರಿ ಸಂಖ್ಯೆ ಬಂದರೆ ಲಸಿಕೆ, ಬೆಸ ಸಂಖ್ಯೆ ಬಂದರೆ ಇಲ್ಲ. ಮಂದೆಯ ಮುಂದೆ ನಡೆಯುವ ಗಬ್ಬದ ಕುರಿ ಕೆಂಚಿಗೆ ಹದಿಮೂರು ಬಂತು. ಮುನಿಲಕ್ಷ್ಮಮ್ಮ ತಡೆಯಲಾರದೆ, ಇದೊಂದನ್ನು ಬದಲಿಸಿಕೊಡಿ ಎಂದು ಕೇಳಿದಳು. ಡಾಕ್ಟರು ಸಿರಿಂಜು ಕೆಳಗಿಟ್ಟರು. ಒಳ್ಳೊಳ್ಳೆಯ ಕುರಿಗಳನ್ನು ನಾವೇ ಆರಿಸಿಬಿಟ್ಟರೆ, ಆಮೇಲೆ ಉಳಿಸಿದ್ದು ಮದ್ದೋ, ಅವುಗಳ ಗಟ್ಟಿತನವೋ ಎಂದು ಯಾರು ಹೇಳುತ್ತಾರೆ ಎಂದರು. ಆಕೆ ಸ್ವಲ್ಪ ಹೊತ್ತು ಕೆಂಚಿಯ ಕುತ್ತಿಗೆ ಹಿಡಿದು ನಿಂತಿದ್ದು, ಆಮೇಲೆ ಬಿಟ್ಟಳು.

ಡಿಸೆಂಬರ್ ಕೊನೆಗೆ, ಮಾರ್ಗಳಿ ತಿಂಗಳ ಚಳಿಯಲ್ಲಿ ಬೇನೆ ಬಂತು. ಪಕ್ಕದ ಊರಿನವನೊಬ್ಬ ಸಂತೆಯಿಂದ ತಂದ ಎರಡು ಟಗರುಗಳು ಕೆರೆಯ ಅಂಗಳದಲ್ಲಿ ಇವರ ಮಂದೆಯ ಜೊತೆ ಮೇದಿದ್ದವು. ಆರನೇ ದಿನ ಏಳನೇ ಸಂಖ್ಯೆಯ ಕುರಿ ಮೇವು ಬಿಟ್ಟಿತು. ಮರುದಿನ ಇಪ್ಪತ್ತೊಂದು, ಮೂವತ್ಮೂರು. ಮುನಿಲಕ್ಷ್ಮಮ್ಮ ಮೇಚೇರಿಗೆ ನಡೆದು ಹೋಗಿ ಎಸ್‌ಟಿಡಿ ಬೂತಿನಿಂದ ಡಾಕ್ಟರು ಬರೆದುಕೊಟ್ಟಿದ್ದ ನಂಬರಿಗೆ ಫೋನ್ ಮಾಡಿಸಿದಳು.

ಆಕೆ ವಾಪಸು ಬರುವಷ್ಟರಲ್ಲಿ ಪುಟ್ಟಪ್ಪ ಬೆಸ ಸಂಖ್ಯೆಯವುಗಳಲ್ಲಿ ಇನ್ನೂ ಲವಲವಿಕೆಯಾಗಿದ್ದ ಒಂಬತ್ತನ್ನು ಬೇರೆ ಕಟ್ಟಿದ್ದ. ಮಾರನೇ ದಿನ ಸಂತೆ. ಕಾಯಿಲೆ ಬೀಳುವ ಮೊದಲೇ ಮಾರಿಬಿಡೋಣ ಎಂದ. ಅವನ ದನಿಯಲ್ಲಿ ಹಟವಿರಲಿಲ್ಲ, ಹೆದರಿಕೆಯಿತ್ತು.

"ನಮ್ ರೊಪ್ಪಕ್ಕೆ ಇದು ಬಂದಿದ್ದೂ ಇಂಗೇ ಅಲ್ವಾ," ಎಂದು ಆಕೆ ಕೇಳಿದಳು. "ಯಾರೋ ಇಂಗೇ ಅಂದ್ಕೊಂಡು ಮಾರಿದ್ರು."

ಪುಟ್ಟಪ್ಪ ಹಗ್ಗ ಬಿಚ್ಚಿ ಒಂಬತ್ತನ್ನೂ ಒಳಗೆ ಬಿಟ್ಟ.

ಡಾಕ್ಟರ ಜೊತೆ ಈ ಸಲ ಮೀನಾ ಎಂಬ ಹುಡುಗಿ ಬಂದಳು. ಪಾಲಕೋಡ್ ಕಡೆಯ ಕನ್ನಡದ ಮನೆಯವಳು. ಓದು ಮುಗಿದಂದಿನಿಂದ ಐದು ವರ್ಷ ಆಕೆ ಆ ಪ್ರಯೋಗಾಲಯದಲ್ಲಿದ್ದಳು. ಬೇನೆಯ ವೈರಸ್ಸನ್ನು ಗಾಜಿನ ಸೀಸೆಗಳಲ್ಲಿ ಬೆಳೆಸಿ, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುವುದು ಅವಳ ಕೆಲಸ. ಹಲವು ಹತ್ತು ಸಲ ದಾಟಿದ ಮೇಲೆ ಅದು ಕುರಿಯ ಮೈಯೊಳಗೆ ಹೊಕ್ಕರೂ ಕೊಲ್ಲುವ ಶಕ್ತಿ ಕಳೆದುಕೊಂಡಿರುತ್ತದೆ. ಕುರಿಯ ಮೈ ಮಾತ್ರ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಅದೇ ಲಸಿಕೆ. ಸೀಸೆಗಳಿಗೆ ಹಬ್ಬ ಹರಿದಿನ ತಿಳಿಯುವುದಿಲ್ಲ. ತಂಗಿಯ ಮದುವೆಯ ದಿನವೂ ಮೀನಾ ಬೆಳಿಗ್ಗೆ ಅವನ್ನು ನೋಡಿ, ಆಮೇಲೆ ಛತ್ರಕ್ಕೆ ಓಡಿದ್ದಳು.

ಅವಳು ರೊಪ್ಪದ ಬಾಗಿಲಲ್ಲೇ ನಿಂತುಬಿಟ್ಟಳು. ಏಳನೇ ಸಂಖ್ಯೆಯ ಕುರಿ ಬಾಯಿ ಮುಚ್ಚಲಾರದೆ, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಬಿದ್ದಿತ್ತು.

"ಅಮ್ಮ, ಇಷ್ಟ್ ವರ್ಷ ನಾನು ಈ ಬೇನೇನ ಸೀಸೆಯೊಳಗೇ ಸಾಕಿ ನೋಡಿದ್ದು," ಎಂದಳು ಮೀನಾ. "ಕುರಿ ಮೈಮೇಲೆ ನೋಡಿದ್ದು ಇದೇ ಮೊದ್ಲು."

ಮುನಿಲಕ್ಷ್ಮಮ್ಮನಿಗೆ ಎರಡು ದಿನದಿಂದ ಒಳಗೇ ಕುದಿಯುತ್ತಿದ್ದ ಸಿಟ್ಟಿತ್ತು. ಯಾರ ಮೇಲೆ ಎಂದು ಅವಳಿಗೇ ತಿಳಿದಿರಲಿಲ್ಲ. ಈಗ ಎದುರಿಗೆ ಒಬ್ಬಳು ಸಿಕ್ಕಿದ್ದಳು.

"ಇದನ್ನ ಸಾಕಿದ್ದು ನೀನಾ?"

"ಊಂ ಅಮ್ಮ."

ಹುಡುಗಿಯ ಮುಖ ನೋಡಿ ಮುನಿಲಕ್ಷ್ಮಮ್ಮ ಸಿಟ್ಟು ನುಂಗಿ, ಗಂಜಿಯ ಪಾತ್ರೆ ಎತ್ತಿಕೊಂಡಳು. "ಅಂಗಾದ್ರೆ ಬಾ, ಇದ್ರ ತಲೆ ಇಡ್ಕೊ," ಎಂದಳು. "ಗಂಜಿ ಕುಡಿಸ್ಬೇಕು."

ಹತ್ತು ದಿನ ಅವರು ಹಾಗೇ ಕಳೆದರು. ಡಾಕ್ಟರು ಮೇಚೇರಿಯಲ್ಲಿ ಕೋಣೆ ಹಿಡಿದು ದಿನಾ ಬರುತ್ತಿದ್ದರು. ಬೇನೆ ಬಿದ್ದವಕ್ಕೆ ತಮ್ಮಿಂದಾದ ಮದ್ದು ಕೊಟ್ಟರು, ಎಲ್ಲದರ ರಕ್ತ ತೆಗೆದರು, ಜ್ವರ ನೋಡಿ ಬರೆದರು. ಮೀನಾ ಹುಣ್ಣು ತೊಳೆದಳು. ಬೆಸ ಸಂಖ್ಯೆಯ ಇಪ್ಪತ್ತರಲ್ಲಿ ಹದಿನಾಲ್ಕು ಮಲಗಿದವು, ಒಂಬತ್ತು ಸತ್ತವು. ಹೂಳುವ ಗುಂಡಿ ತೋಡಲು ಡಾಕ್ಟರು ಪ್ಯಾಂಟು ಮಡಚಿಕೊಂಡು ಪುಟ್ಟಪ್ಪನ ಜೊತೆ ಇಳಿದರು. ಅವರಿಗೆ ಗುದ್ದಲಿ ಹಿಡಿಯುವ ಅಭ್ಯಾಸವಿರಲಿಲ್ಲ. ಅಂಗೈ ಬೊಬ್ಬೆಯೆದ್ದರೂ ಬಿಡಲಿಲ್ಲ. ಪುಟ್ಟಪ್ಪನೂ ಬೇಡವೆನ್ನಲಿಲ್ಲ.

ಸರಿ ಸಂಖ್ಯೆಯವು ಅದೇ ತೊಟ್ಟಿಯ ನೀರು ಕುಡಿದುಕೊಂಡು, ಸತ್ತವುಗಳ ಪಕ್ಕದಲ್ಲೇ ಮಲಗಿ ಎದ್ದು, ಮೇಯಲು ಹೋಗಿ ಬರುತ್ತಿದ್ದವು. ಒಂದು ಕೂಡ ಮೂಗು ಸುರಿಸಲಿಲ್ಲ. ಒಂದು ಸಂಜೆ ಮುನಿಲಕ್ಷ್ಮಮ್ಮ ಅವುಗಳನ್ನು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಇಪ್ಪತ್ತು. ಖುಷಿಪಡಬೇಕೆಂದು ಗೊತ್ತಿತ್ತು, ಆಗಲಿಲ್ಲ. ಕೆಂಚಿ ಕಾಯಿಲೆ ಬಿದ್ದು, ಹೊಟ್ಟೆಯ ಮರಿಯನ್ನು ಕಂದುಹಾಕಿ, ಮೂಳೆ ಚಕ್ಕಳವಾಗಿ ಬದುಕಿತ್ತು. ಸತ್ತ ಒಂಬತ್ತರಲ್ಲಿ ಒಂದಕ್ಕೂ ತಾನು ಹೆಸರಿಟ್ಟಿರಲಿಲ್ಲ ಎಂಬುದು ಆಕೆಗೆ ಹೊಳೆದದ್ದು ಆಗಲೇ. ಚೀಟಿ ಎತ್ತಿದ ದಿನ ಕೆಂಚಿಯೊಂದಕ್ಕಾಗಿ ಬೇಡಿಕೊಂಡಿದ್ದಳೇ ಹೊರತು ಇವುಗಳ ನೆನಪು ಬಂದಿರಲಿಲ್ಲ. ಅದನ್ನು ಮೀನಾಗೆ ಹೇಳಿದಳು. ಮೀನಾ ಪಕ್ಕದಲ್ಲಿ ಬಂದು ಕೂತಳು. ಆ ಒಂಬತ್ತರ ಸಂಖ್ಯೆಗಳು ತನ್ನ ನೋಟ್‌ಬುಕ್ಕಿನಲ್ಲಿ ಮಾತ್ರವಲ್ಲ, ತನ್ನ ನೆನಪಿನಲ್ಲೂ ಇರುತ್ತವೆ ಎಂದಳು.

ಡಾಕ್ಟರು ಪೆಟ್ಟಿಗೆಯಲ್ಲಿ ಇನ್ನಷ್ಟು ಲಸಿಕೆ ತರಿಸಿದ್ದರು. ಬೇನೆ ಇನ್ನೂ ಮುಟ್ಟದ ಮಂದೆಗಳಿಗೆ ಅದನ್ನು ಹಾಕಬೇಕಿತ್ತು. ಈ ಸಲ ಮನೆಮನೆಗೆ ಹೋಗಿ ಕರೆದವಳು ಮುನಿಲಕ್ಷ್ಮಮ್ಮ. ನಂಬದವರನ್ನು ತನ್ನ ರೊಪ್ಪಕ್ಕೆ ಕರೆತಂದು ಕಿವಿಯ ಬಿಲ್ಲೆಗಳನ್ನು ತೋರಿಸಿದಳು. ಹಿಂದೆ ಎದ್ದು ಹೋಗಿದ್ದ ಆರು ಊರುಗಳಲ್ಲಿ ನಾಲ್ಕು ಒಪ್ಪಿದವು.

ಮುಂದಿನ ವರ್ಷ ಧರ್ಮಪುರಿಯ ಕಡೆ ಲಸಿಕೆ ಹಾಕಲು ಹೊರಟಾಗ ಮೀನಾ ಬಂದು ಆಕೆಯನ್ನು ಕರೆದಳು. ಬೆಳಗಿನ ಬಸ್ಸು ಹಿಡಿದು ಇಬ್ಬರೂ ಪಾಲಕೋಡ್ ಹತ್ತಿರದ ಒಂದು ಊರಿಗೆ ಹೋದರು. ಅಲ್ಲಿ ನೂರಕ್ಕೂ ಹೆಚ್ಚು ಕುರಿಗಳ ಯಜಮಾನ ರಾಮಪ್ಪ, ವಯಸ್ಸಾದವನು. ಅವನು ಹೂಂ ಎಂದರೆ ಊರು ಹೂಂ ಎನ್ನುತ್ತಿತ್ತು. ಅವನು ಮೀನಾಳ ಮಾತನ್ನೆಲ್ಲ ಕೇಳಿ, ಮುನಿಲಕ್ಷ್ಮಮ್ಮನ ಕಡೆ ತಿರುಗಿದ.

"ನಿನ್ನವು ಎಷ್ಟು ಓದ್ವು, ತಾಯಿ?"

ಮೀನಾ ನೆಲ ನೋಡಿದಳು. ಲಸಿಕೆ ಹಾಕಿದವು ಒಂದೂ ಹೋಗಲಿಲ್ಲ ಎಂದುಬಿಟ್ಟರೆ ಸುಳ್ಳೇನೂ ಆಗುತ್ತಿರಲಿಲ್ಲ.

"ಒಂಬತ್ತು," ಎಂದಳು ಮುನಿಲಕ್ಷ್ಮಮ್ಮ. "ಊಸಿ ಆಕದೆ ಬಿಟ್ಟಿದ್ವಲ್ಲ, ಅವು."

"ಬೇಕಂತಲೇ ಬಿಟ್ರಾ?"

"ಊಂ. ನಾನೇ ಒಪ್ಪಿ ಬಿಡಿಸಿದ್ದು."

ರಾಮಪ್ಪನ ಹಿಂದೆ ನಿಂತಿದ್ದವರಲ್ಲಿ ಗುಸುಗುಸು ಎದ್ದಿತು. ಅವನು, ಇಲ್ಲಿಯೂ ಅರ್ಧ ಬಿಡುತ್ತೀರೋ ಎಂದು ಕೇಳಿದ.

"ಇಲ್ಲ. ಇಲ್ಲಿ ಎಲ್ಲಕ್ಕೂ ಆಕ್ತಾರೆ," ಎಂದಳು ಆಕೆ. "ಅರ್ಧ ಬಿಡೋ ಕೆಲ್ಸ ನಮ್ ರೊಪ್ಪದಾಗೆ ಮುಗೀತು."

ರಾಮಪ್ಪ ಒಳಗೆ ಹೋಗಿ ಮೊದಲ ಕುರಿಯನ್ನು ತಾನೇ ಕಾಲು ಹಿಡಿದು ಎಳೆದುಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಅವನ ಮಂದೆ ಮುಗಿಯಿತು, ಆಮೇಲೆ ಅಕ್ಕಪಕ್ಕದ ಮನೆಗಳವು ಸಾಲುಗಟ್ಟಿದವು. ಮುನಿಲಕ್ಷ್ಮಮ್ಮ ಕುರಿಗಳನ್ನು ಮಂಡಿಯ ನಡುವೆ ಒತ್ತಿ ಹಿಡಿದಳು, ಮೀನಾ ಸೂಜಿ ಚುಚ್ಚುತ್ತ ಹೋದಳು. ಕೆಲಸ ನಿಂತಾಗ ಅವಳ ಬಲಗೈ ಎತ್ತಲಾಗದಷ್ಟು ಮರಗಟ್ಟಿತ್ತು. ರಾಮಪ್ಪನ ಸೊಸೆ ಮುದ್ದೆ, ಹುರುಳಿ ಸಾರು ಬಡಿಸಿಟ್ಟು ಊಟಕ್ಕೆ ಕರೆದಳು. ಕೈತೊಳೆಯಲು ರಾಮಪ್ಪನೇ ಚೊಂಬಿನಲ್ಲಿ ನೀರು ತಂದು, ಮೊದಲು ಆ ಹುಡುಗಿಯ ಕೈಗೆ, ಆಮೇಲೆ ಮುನಿಲಕ್ಷ್ಮಮ್ಮನ ಕೈಗೆ ಹೊಯ್ದ.