ಅಜ್ಜಿಯ ನಗು ಬಾಕಿ

ಕಾರ್ಟೂನಿನ ಹೊಸ ಕಂತು ನಾಳೆ ಸಂಜೆಯೊಳಗೆ ಚಾನೆಲ್ಲಿಗೆ ತಲುಪಬೇಕು. ತಪ್ಪಿದರೆ ಡಬ್ಬಿಂಗ್ ಕೆಲಸವೇ ಬೇರೆ ಸ್ಟುಡಿಯೋ ಪಾಲು. ಆದರೆ ತಂಡದ ಕೆಲಸ ತೋರಿಸುವ ಕಂಪ್ಯೂಟರ್ ಪರದೆಯಲ್ಲಿ ‘ಧ್ವನಿ’ ಎಂಬ ಕೆಲಸದ ಕಾರ್ಡು ಕೆಸರಿಗಿಳಿದ ಎಮ್ಮೆಯಂತೆ ಅಲ್ಲಾಡದೆ ಮಲಗಿತ್ತು. ಎಲ್ಲಿ ಸಿಕ್ಕಿಕೊಂಡಿದೆಯೆಂದು ಮೇಲ್ವಿಚಾರಕಿಗೆ ಕುತೂಹಲ. ಆ ಕಾರ್ಡನ್ನು ಮಾತು, ಹಾಡು, ಸದ್ದು ಎಂಬ ಸಣ್ಣ ಕಾರ್ಡುಗಳಾಗಿ ಒಡೆದಳು. ಮಾತು, ಹಾಡು ಮಧ್ಯಾಹ್ನದೊಳಗೆ ಮುಗಿದವು. ಸದ್ದನ್ನು ಮತ್ತೆ ಒಡೆದಳು: ಕತ್ತೆ, ಬಾಗಿಲು, ಗೊರಕೆ, ಅಜ್ಜಿಯ ನಗು. ಸದ್ದುಗಳನ್ನು ಮಾಡುವ ಮಿಮಿಕ್ರಿಯವನು ಒಂದೊಂದಕ್ಕೂ ‘ಮುಗಿಯಿತು’ ಎಂಬ ಹಸಿರು ಗುರುತು ಹಾಕುತ್ತಾ ಹೋದ, ಕೊನೆಯದೊಂದನ್ನು ಬಿಟ್ಟು.

“ಕತ್ತೆ ಆಗುತ್ತೆ, ಅಜ್ಜಿ ಆಗಲ್ವಾ ಮಹರಾಯ?”

“ಆಗುತ್ತೆ ಮೇಡಂ. ಆದ್ರೆ ನನಗೆ ಬರೋ ಅಜ್ಜಿ ನಗು ಒಂದೇ, ನಮ್ಮ ದೊಡ್ಡಮ್ಮಂದು. ಟಿವೀಲಿ ಕೇಳಿದ್ರೆ ನನ್ನ ಚರ್ಮ ಸುಲೀತಾರೆ.”

ಮೇಲ್ವಿಚಾರಕಿ ಕಾರ್ಡಿನಿಂದ ಅವನ ಹೆಸರನ್ನು ತೆಗೆದು ‘ದೊಡ್ಡಮ್ಮ’ ಎಂದು ಸೇರಿಸಿದಳು.

ಮರುದಿನ ದೊಡ್ಡಮ್ಮ ಬಂದು ಮೈಕಿನ ಮುಂದೆ ಕೂತರು. ನಗು ಮಾತ್ರ ಬರಲಿಲ್ಲ. “ಒತ್ತಿದ ತಕ್ಷಣ ನಗಕ್ಕೆ ನಾನೇನು ಕರೆಗಂಟೆನಾ?” ಎಂದು ಮುಖ ಗಂಟಿಕ್ಕಿದರು.

ಮೇಲ್ವಿಚಾರಕಿ ಕಾರ್ಡನ್ನು ಇನ್ನೂ ಎರಡು ತುಂಡು ಮಾಡಿದಳು: ನಗಿಸುವುದು, ನಗುವುದು. ಮೊದಲನೆಯದು ಮಿಮಿಕ್ರಿಯವನ ತಲೆಗೆ ಬಿತ್ತು. ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಆದದ್ದಾಗಲಿ ಎಂದು ದೊಡ್ಡಮ್ಮನಂತೆಯೇ ನಕ್ಕ.

“ಅಯ್ಯೋ ಕೋತಿ, ನಾನು ಹೀಗಾ ನಗೋದು?” ಎಂದವರೇ ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ಥೇಟ್ ಹಾಗೇ ನಕ್ಕರು.

ಮೈಕು ಆನ್ ಆಗಿಯೇ ಇತ್ತು. ಮೇಲ್ವಿಚಾರಕಿ ರೆಕಾರ್ಡಾದ ನಗುವನ್ನು ಕೇಳಿ ನೋಡಿ, ಎರಡೂ ಕಾರ್ಡಿಗೆ ಒಟ್ಟಿಗೇ ಹಸಿರು ಗುರುತು ಒತ್ತಿದಳು.