ಒಳಗಿನಿಂದ ಬಳಿಯುವ ಬಣ್ಣ

"ಸಾಕು ತಾತ, ಇನ್ನು ತಿರುಗಿಸ್ಬೇಡ" ಎಂದಳು ನಜುನ. ಅಷ್ಟರಲ್ಲಿ ತಡವಾಗಿತ್ತು. ಸ್ಕ್ರೂ ಕಿರ್ರೆಂದು ಸಣ್ಣಗೆ ಸದ್ದು ಮಾಡಿ, ಪ್ಲಾಸ್ಟಿಕ್ಕಿನ ತೂತಿನೊಳಗೆ ಹಿಡಿತವಿಲ್ಲದೆ ಗಿರಗಿರ ಸುತ್ತತೊಡಗಿತು.

ತೊಕುಜಿ ಕನ್ನಡಕದ ಮೇಲಿಂದ ಅದನ್ನು ನೋಡಿದ. "ಇದೇನೇ ಇದು, ಹೊಸ ಸೊಸೆ ಇದ್ದಂಗಿದೆ. ಒಂದು ಮಾತು ಜಾಸ್ತಿ ಆದ್ರೆ ಮುನಿಸ್ಕೊಳ್ಳುತ್ತೆ."

"ಪ್ಲಾಸ್ಟಿಕ್ ಅಲ್ವಾ ತಾತ. ನಿನ್ನ ಟ್ರಕ್ಕಿನ ಚಕ್ರ ಅನ್ಕೊಂಡ್ಯಾ?"

ಚಹಾದ ಮೊದಲ ಕೊಯ್ಲು ಮುಗಿದು ಹತ್ತು ದಿನವಾಗಿತ್ತು. ಎಲೆ ಬೇಯಿಸುವ, ಒಣಗಿಸುವ ಯಂತ್ರಗಳಿಗೆ ಬಟ್ಟೆ ಹೊದಿಸಿ, ಶೆಡ್ಡಿನ ಸಿಮೆಂಟು ನೆಲವನ್ನು ತೊಳೆದು ಬಿಟ್ಟಿದ್ದರು. ಆದರೂ ಬೆಂದ ಎಲೆಯ ವಾಸನೆ ಗೋಡೆಗಳಿಂದ ಬರುತ್ತಲೇ ಇತ್ತು. ಹೊರಗೆ ಇಳಿಜಾರಿನ ತೋಟದಲ್ಲಿ ಮಂಜು ನಿಂತಿತ್ತು. ಇಬ್ಬನಿ ಹೆಪ್ಪುಗಟ್ಟದಂತೆ ಗಾಳಿ ಬೀಸುವ ಫ್ಯಾನುಗಳು ಕಂಬಗಳ ತುದಿಯಲ್ಲಿ ತಲೆ ಮಾತ್ರ ಹೊರಗಿಟ್ಟುಕೊಂಡು, ಬಿಸಿನೀರಿನ ಬುಗ್ಗೆಯಲ್ಲಿ ಕತ್ತಿನವರೆಗೆ ಇಳಿದು ಕೂತ ಮುದುಕರ ಹಾಗೆ ಕಾಣುತ್ತಿದ್ದವು.

ಕೊಯ್ಲಿನ ಕೂಲಿ ಕೈಗೆ ಬಂದ ದಿನ ನಜುನ ಬೆಟ್ಟ ಇಳಿದು, ಬಸ್ ನಿಲ್ದಾಣದ ಪಕ್ಕದ ಆಟಿಕೆ ಅಂಗಡಿಯಿಂದ ಈ ಪೆಟ್ಟಿಗೆ ತಂದಿದ್ದಳು. ರೇಡಿಯೊದಿಂದ ಓಡಿಸುವ ಪುಟ್ಟ ಗಾಡಿ. ಬಿಡಿ ಭಾಗಗಳನ್ನು ತಾವೇ ಜೋಡಿಸಬೇಕು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ತಾತನದೇ ಅನ್ನುವಂಥ ಬಿಳಿ ಟ್ರಕ್ಕು, ಹಿಂದೆ ಪುಟ್ಟ ತೊಟ್ಟಿ. ಕೊಂಡು ಹೊರಬಂದ ಕೂಡಲೇ ಅವಳಿಗೆ ನಾಚಿಕೆಯಾಗಿತ್ತು. ಅಳುವ ಮಗುವಿನ ಕೈಯಿಂದ ಚಾಕು ಕಿತ್ತುಕೊಂಡು ಗಿಲಕಿ ಕೊಟ್ಟ ಹಾಗೆ ಇದು.

ತಾತನಿಗೂ ಹಾಗೇ ಅನ್ನಿಸಿತ್ತೇನೋ. "ನನ್ನ ಬಾಯಿ ಮುಚ್ಚಿಸೋಕೆ ನಿಮ್ಮಮ್ಮ ಕಳಿಸಿದ ಮಿಠಾಯಿಯಾ?" ಎಂದು ಕೇಳಿದ್ದ. ಆದರೆ ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು, ಹಲ್ಲುಚಕ್ರಗಳನ್ನೆಲ್ಲ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಹರಡಿಕೊಂಡು ಕೂತಿದ್ದವನೂ ಅವನೇ.

ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಓದಿರಲಿಲ್ಲ. ತೊಕುಜಿಗೆ ಎಂಬತ್ತು ತುಂಬುತ್ತದೆ. ಲೈಸೆನ್ಸು ಬೇಕಾದರೆ ಬರುವ ಸೋಮವಾರ ಪಟ್ಟಣಕ್ಕೆ ಹೋಗಿ ನೆನಪಿನ ಪರೀಕ್ಷೆ ಕೊಡಬೇಕು. ಬೇಡವಾದರೆ ಅದೇ ದಿನ ಪೊಲೀಸ್ ಠಾಣೆಗೆ ಹೋಗಿ ಹಿಂದಿರುಗಿಸಬಹುದು. ನಜುನಳ ತಾಯಿ ಸತೊಮಿ ಪಟ್ಟಣದ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ಬೂಟು ಏರಿಸಿಕೊಳ್ಳುತ್ತ ದಿನವೂ ಒಂದೇ ಮಾತು ಹೇಳುತ್ತಿದ್ದಳು: "ಲೈಸೆನ್ಸು ವಾಪಸ್ ಕೊಡಿ ಅಂತ ನಾನು ಹೇಳಿದ್ರೆ ಅಪ್ಪ ಹಟ ಹಿಡಿತಾರೆ. ನೀನು ಹೇಳು. ನಿನ್ನ ಮಾತು ಕೇಳ್ತಾರೆ."

ನಜುನ ಹೇಳಿರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಾಗ ಎಲ್ಲರೂ ಯಾಕೆ ಎಂದು ಕೇಳಿದ್ದರು. ಟೀಚರು ಕೇಳಿದರು, ಅಮ್ಮ ಕೇಳಿದಳು, ಪಕ್ಕದ ತೋಟದವರೂ ಕೇಳಿದರು. ತಾತ ಮಾತ್ರ ಟ್ರಕ್ಕಿನ ಎಡಗಡೆ ಬಾಗಿಲು ತೆರೆದು "ಹತ್ತು" ಅಂದಿದ್ದ, ಅಷ್ಟೆ. ಮೂರು ವರ್ಷ ಅವಳು ಆ ಸೀಟಿನಲ್ಲಿ ಕೂತು ಬೆಟ್ಟ ಹತ್ತಿಳಿದಿದ್ದಳು. ಕಿಟಕಿಯಾಚೆ ಚಹಾದ ಸಾಲುಗಳು ಬಾಚಿದ ಕೂದಲಿನ ಹಾಗೆ ಹರಿದುಹೋಗುತ್ತಿದ್ದವು. ಅವಳು ಜೋರಾಗಿ ನಗುವುದು, ಇಡೀ ವಾಕ್ಯ ಮುಗಿಸುವುದು ಅಲ್ಲಿ ಮಾತ್ರ.

ಅವಳು ಹೇಳದಿದ್ದ ಇನ್ನೊಂದು ವಿಷಯವೂ ಇತ್ತು. ಏಪ್ರಿಲ್ ಕೊನೆಯಲ್ಲಿ, ಹಸಿ ಎಲೆಯ ಮೂಟೆಗಳನ್ನು ತುಂಬಿಕೊಂಡು ತಾತ ಇದೇ ಶೆಡ್ಡಿನೊಳಗೆ ಟ್ರಕ್ಕು ತಂದಿದ್ದ. ನಜುನ ಪಕ್ಕದ ಸೀಟಿನಲ್ಲಿದ್ದಳು. ನಿಲ್ಲಿಸಬೇಕಾದ ಜಾಗದಲ್ಲಿ ಟ್ರಕ್ಕು ನಿಲ್ಲಲಿಲ್ಲ, ಕೂಗಿಕೊಂಡು ಮುಂದಕ್ಕೆ ನೆಗೆಯಿತು. ಎದುರಿಗೆ ಮೊದಲೇ ಇಳಿಸಿಟ್ಟಿದ್ದ ಮೂಟೆಗಳ ರಾಶಿಗೆ ಮೂಗು ತೂರಿಸಿಕೊಂಡು ನಿಂತಿತು. ರಾಶಿಯ ಹಿಂದೆ, ಒಂದು ಮೊಳ ದೂರದಲ್ಲಿ ಗೋಡೆ. ಎಂಜಿನ್ ಆರಿದ ಮೇಲೆ ತಾತ ಹೇಳಿದ್ದು ಒಂದೇ ಮಾತು: "ಚಪ್ಪಲಿ ಜಾರ್ತು."

ಅವನ ಕಾಲಲ್ಲಿ ಇದ್ದದ್ದು ಮೊಣಕಾಲುದ್ದದ ರಬ್ಬರ್ ಬೂಟು.

ನೆಲದ ಮೇಲೆ ಚಕ್ರ ಉಜ್ಜಿದ ಎರಡು ಕಪ್ಪು ಗೆರೆಗಳು ಎಷ್ಟು ತೊಳೆದರೂ ಹೋಗಿರಲಿಲ್ಲ.

*

ಗುರುವಾರ ನಜುನ ತೋಟದಲ್ಲಿ ಕಳೆ ಕಿತ್ತು ಬರುವಷ್ಟರಲ್ಲಿ ತಾತ ಪುಟ್ಟ ಟ್ರಕ್ಕಿನ ಮೈಗೆ ಬಣ್ಣ ಹೊಡೆದು ಮುಗಿಸಿದ್ದ. ಮೈ ಅಂದರೆ ಮೊಟ್ಟೆಯ ಚಿಪ್ಪಿನಷ್ಟು ಹಗುರಾದ, ಗಾಜಿನ ಹಾಗೆ ತಿಳಿಯಾದ ಪ್ಲಾಸ್ಟಿಕ್ಕು. ಈಗ ಅದು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ, ಬಿದಿರು ಕೋಲಿನ ತುದಿಯಲ್ಲಿ ಒಣಗುತ್ತಿತ್ತು.

"ಹೆಂಗಿದೆ?" ಎಂದ ತೊಕುಜಿ. ಮೀಸೆಗೂ ಒಂದಿಷ್ಟು ಬಿಳಿ ಹತ್ತಿತ್ತು. "ಒಂದು ಕಡೆನೂ ಸೋರಿಲ್ಲ ನೋಡು. ಕೈ ಇನ್ನೂ ಸತ್ತಿಲ್ಲ ನಂದು."

ನಜುನ ನೋಡಿದಳು. ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯ ಹನ್ನೊಂದನೇ ಪುಟದಲ್ಲಿ ಬರೆದಿದ್ದು ಅವಳಿಗೆ ನೆನಪಿತ್ತು. ಈ ಮೈಗೆ ಬಣ್ಣ ಬಳಿಯುವುದು ಒಳಗಿನಿಂದ. ಹೊರಮೈ ಮೇಲೆ ಗೀರು ಬೀಳದಿರಲೆಂದು ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಯೊಂದು ಅಂಟಿರುತ್ತದೆ. ಎಲ್ಲ ಮುಗಿದ ಮೇಲೆ ಅದನ್ನು ಸುಲಿದು ತೆಗೆಯಬೇಕು. ತಾತ ಬಣ್ಣ ಹೊಡೆದಿದ್ದು ಆ ಹಾಳೆಗೆ.

"ಚೆನ್ನಾಗಿದೆ ತಾತ" ಎಂದಳು.

ಮರುದಿನ ಆಟಿಕೆಯ ಬಾಗಿಲಿಗೆ ಅಂಟಿಸುವ ಚಿತ್ರ ಬೇಕೆಂದು ಇಬ್ಬರೂ ಟ್ರಕ್ಕಿನಲ್ಲಿ ಪಟ್ಟಣಕ್ಕೆ ಇಳಿದರು. ತೊಡೆಯ ಮೇಲೆ ಪುಟ್ಟ ಟ್ರಕ್ಕನ್ನು ಇಟ್ಟುಕೊಂಡು ನಜುನ ಎಡಗಡೆ ಕೂತಳು. ಮಂಜು ತುಂಡು ತುಂಡಾಗಿ ರಸ್ತೆ ದಾಟುತ್ತಿತ್ತು. ಯಾರದೋ ಒಣಗಲು ಹಾಕಿದ ಬಟ್ಟೆಗಳು ಎಲ್ಲಿಂದಲೋ ಕಳಚಿಕೊಂಡು ಬಂದ ಹಾಗೆ. ತಾತ ತಣ್ಣಗೆ ಓಡಿಸುತ್ತಿದ್ದ, ಯಾವುದೋ ಹಳೆಯ ಕೊಯ್ಲಿನ ಪದ ಗುನುಗುತ್ತಿದ್ದ. ಎಲ್ಲ ಮೊದಲಿನ ಹಾಗೇ ಇತ್ತು. ಒಂದೊಂದು ತಿರುವಿನಲ್ಲೂ ನಜುನಳ ಬಲಗಾಲು ಮಾತ್ರ ತಾನಾಗಿ ನೆಲವನ್ನು ಒತ್ತುತ್ತಿತ್ತು. ಅಲ್ಲಿ ಒತ್ತುವಂಥದ್ದು ಏನೂ ಇರಲಿಲ್ಲ.

ಆಟಿಕೆ ಅಂಗಡಿಯ ಒಡತಿ ಕುರೆಬಾಯಾಶಿಗೆ ಅರವತ್ತರ ಮೇಲಾಗಿತ್ತು. ಗಂಡನಿಂದ ಅಂಗಡಿಯೂ, ಅಪ್ಪನಿಂದ ನಾಲಿಗೆಯೂ ಬಂದದ್ದೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಪುಟ್ಟ ಟ್ರಕ್ಕನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದವಳೇ ಹುಬ್ಬೇರಿಸಿದಳು.

"ತೊಕುಜಿಯವರೇ, ಬಣ್ಣ ಹೊರಗಡೆಯಿಂದ ಹೊಡೆದ್ರಾ?"

"ಮತ್ತೆ? ಗೋಡೆಗೆ ಸುಣ್ಣ ಹೊರಗಡೆಯಿಂದ ತಾನೇ ಬಳಿಯೋದು."

"ಅಯ್ಯೋ ನನ್ನಪ್ಪಾ!" ಅವಳು ನಕ್ಕ ನಗುವಿಗೆ ಬಾಗಿಲ ಗಂಟೆಯೇ ಅಲುಗಿದಂತಾಯಿತು. "ಪುಸ್ತಕದಲ್ಲಿ ಅಷ್ಟು ದಪ್ಪಕ್ಷರದಲ್ಲಿ ಬರ್ದಿದಾರೆ. ಓದೋದು ಹುಡುಗರ ಕೆಲಸ ಅನ್ಕೊಂಡ್ರಾ? ಹೋಗ್ಲಿ ಬಿಡಿ, ವರ್ಷಕ್ಕೆ ಹತ್ತು ಜನ ಹಿಂಗೇ ಬರ್ತಾರೆ. ಕಾಲೇಜು ಮೇಷ್ಟ್ರೊಬ್ರು ಎರಡು ಸಲ ಬಂದಿದ್ರು."

ಅವಳು ಉಗುರಿನಿಂದ ಒಂದು ಮೂಲೆ ಕೆದಕಿದಳು. ಹಾಳೆ ಎದ್ದಿತು. ಕಾದ ಹಾಲಿನ ಮೇಲಿನ ಕೆನೆಯ ಹಾಗೆ ಬಿಳಿ ಬಣ್ಣವೆಲ್ಲ ಇಡಿಯಾಗಿ ಎದ್ದು ಬಂತು. ಚಾವಣಿ ಬಂತು, ಬಾಗಿಲು ಬಂತು, ತೊಟ್ಟಿ ಬಂತು. ಕೊನೆಗೆ ಅವಳ ಒಂದು ಕೈಯಲ್ಲಿ ಟ್ರಕ್ಕಿನ ಆಕಾರದ ಮೆತ್ತನೆ ಪೊರೆ ಉಳಿಯಿತು. ಇನ್ನೊಂದು ಕೈಯಲ್ಲಿ ಏನೂ ಇಲ್ಲದ ಹಾಗಿತ್ತು.

"ಒಳಗಡೆಯಿಂದ ಇನ್ನೊಂದ್ಸಲ ಹೊಡೀರಿ. ಬಣ್ಣ ನಾನು ಕೊಡ್ತೀನಿ."

ತೊಕುಜಿ ಅವಳ ಮಾತು ಕೇಳಿಸಿಕೊಂಡ ಹಾಗಿರಲಿಲ್ಲ. ಅವನು ಮೊಮ್ಮಗಳನ್ನು ನೋಡುತ್ತಿದ್ದ. "ನಿನಗೆ ಗೊತ್ತಿತ್ತಾ?"

ನಜುನ ನೆಲ ನೋಡಿದಳು. "ಗೊತ್ತಿತ್ತು."

"ಹೊಡೆದಿದ್ದು ನೋಡಿದಾಗ್ಲೇ?"

"ಹೂಂ."

ಕುರೆಬಾಯಾಶಿ ಇಬ್ಬರ ಮುಖವನ್ನೂ ನೋಡಿ, ನಗು ನಿಲ್ಲಿಸಿ, ಒಳಗಿನಿಂದ ಬೆರಳುಗುರಿನಷ್ಟು ಚಿಕ್ಕ ಉಕ್ಕಿನ ಬೇರಿಂಗುಗಳ ಪೊಟ್ಟಣವೊಂದನ್ನು ತಂದಿಟ್ಟಳು. "ಹೊಸಬರು ಮೊದಲು ಬದಲಾಯಿಸ್ಬೇಕಾದ್ದು ಇದು. ಡಬ್ಬಿ ಜೊತೆ ಬಂದಿರೋ ಪ್ಲಾಸ್ಟಿಕ್ ಬಳೆ ತೆಗೆದು ಇದನ್ನ ಹಾಕಿ. ಜೋರಾಗಿ ಓಡುತ್ತೆ ಅಂತಲ್ಲ. ಕೈ ಬಿಟ್ಟ ಮೇಲೂ ತಾನಾಗಿ ಉರುಳ್ತಾ ಹೋಗುತ್ತೆ. ಅದೊಂಥರಾ ಚೆಂದ."

ವಾಪಸು ಬರುವಾಗ ತಾತ ಪದ ಗುನುಗಲಿಲ್ಲ. ಒಂದು ತಿರುವಿನಲ್ಲಿ, ಮತ್ತೊಂದರಲ್ಲಿ, ಅವನ ಕಣ್ಣು ರಸ್ತೆ ಬಿಟ್ಟು ಅರೆಗಳಿಗೆ ಎಡಕ್ಕೆ, ಕೆಳಕ್ಕೆ ಹರಿದದ್ದನ್ನು ನಜುನ ಕಂಡಳು. ಕಾಲನ್ನು ಹಿಂದಕ್ಕೆಳೆದುಕೊಂಡಳು. ಮುಂದಿನ ತಿರುವಿನಲ್ಲಿ ಅದು ಮತ್ತೆ ಮುಂದೆ ಹೋಗಿತ್ತು.

*

ಶನಿವಾರ ಮಧ್ಯಾಹ್ನ ಮಂಜು ಹರಿದು, ಶೆಡ್ಡಿನ ಎತ್ತರದ ಕಿಟಕಿಗಳಿಂದ ಬಿಸಿಲು ನೆಲಕ್ಕೆ ಉದ್ದುದ್ದ ಚಾಪೆ ಹಾಸಿತ್ತು. ಇಬ್ಬರೂ ಉಪ್ಪಿನಲ್ಲಿ ನೆನೆಸಿದ ಪ್ಲಮ್ ಹಣ್ಣು ಹುದುಗಿಸಿದ ಅನ್ನದುಂಡೆ ತಿಂದು, ಕೈ ಒರೆಸಿಕೊಂಡು, ಚಕ್ರಗಳನ್ನು ಬಿಚ್ಚಿ ಬೇರಿಂಗುಗಳನ್ನು ಕೂರಿಸಿದರು. ಈ ಸಲ ತಾತ ಒಂದೂ ಸ್ಕ್ರೂ ಕೆಡಿಸಲಿಲ್ಲ. ಬಿಗಿಯಾಗುತ್ತಿದೆ ಅನ್ನಿಸಿದ ಕೂಡಲೇ ಕೈ ತೆಗೆದು "ಸಾಕಾ ಸೊಸೆ?" ಎಂದು ಸ್ಕ್ರೂವನ್ನೇ ಕೇಳುತ್ತಿದ್ದ.

"ಬಣ್ಣ?" ಎಂದಳು ನಜುನ.

"ಹೀಗೇ ಇರ್ಲಿ. ಧೂಳು ಕೂತ್ರೆ ಒರೆಸೋಕೆ ಸುಲಭ."

ಮೊದಲು ಕೈಯಲ್ಲಿರುವ ರಿಮೋಟನ್ನು ಹಚ್ಚಬೇಕು, ಆಮೇಲೆ ಗಾಡಿಯನ್ನು. ನಜುನ ಹೇಳಿದ ಹಾಗೇ ಅವನು ಮಾಡಿದ. ರಿಮೋಟು ಪಿಸ್ತೂಲಿನ ಹಾಗಿತ್ತು. ಬೆರಳಿನಿಂದ ಅದರ ಕುದುರೆಯನ್ನು, ಅಂದರೆ ಟ್ರಿಗರನ್ನು, ಒಳಕ್ಕೆಳೆದರೆ ಓಟ, ಹೊರಕ್ಕೆ ತಳ್ಳಿದರೆ ಬ್ರೇಕು. ಗಾಡಿ ಹೊರಟಿತು. ತಿಳಿ ಮೈಯೊಳಗೆ ಹಳದಿ ಬ್ಯಾಟರಿ, ಕೆಂಪು ತಂತಿಗಳು, ಸುತ್ತುವ ಹಲ್ಲುಚಕ್ರಗಳು ಎಲ್ಲವೂ ಕಾಣುತ್ತಿದ್ದವು. ಬಿಸಿಲಿನ ಚಾಪೆ ದಾಟುವಾಗ ಮೈ ಒಮ್ಮೆ ಮಿಂಚಿ, ನೆರಳಿಗೆ ಹೋದಾಗ ಇಲ್ಲವಾಗುತ್ತಿತ್ತು. ಟ್ರಕ್ಕಿನ ಕನಸೊಂದು ಟ್ರಕ್ಕನ್ನು ಬಿಟ್ಟು ಒಂಟಿಯಾಗಿ ಓಡಾಡುತ್ತಿರುವ ಹಾಗೆ ಕಂಡಿತು ನಜುನಳಿಗೆ.

ಮೂಲೆಯಲ್ಲಿ ತಿರುಗಿ ಗಾಡಿ ಅವರತ್ತಲೇ ಬರತೊಡಗಿತು.

"ನಿಲ್ಸು ತಾತ" ಎಂದಳು ನಜುನ.

ನಿಲ್ಲಲಿಲ್ಲ. ಕೀರಲು ದನಿ ತೆಗೆದು ಇನ್ನೂ ಜೋರಾಗಿ ಬಂತು. ತಾತನ ಎರಡು ಕಾಲುಗಳ ನಡುವೆ ನುಗ್ಗಿ, ಹಿಂದಿನ ಗೋಡೆಗೆ ಬಡಿದು, ಮಗುಚಿ ಬಿತ್ತು. ಮೇಲೆ ಮಾಡಿದ ಚಕ್ರಗಳು ಕಿರುಚುತ್ತ ಸುತ್ತುತ್ತಲೇ ಇದ್ದವು.

ತೊಕುಜಿ ತನ್ನ ಬೆರಳನ್ನು ನೋಡಿದ. ಅದು ಇನ್ನೂ ಕುದುರೆಯನ್ನು ಒಳಕ್ಕೆಳೆದು ಹಿಡಿದಿತ್ತು. ಇನ್ನೊಂದು ಕೈಯಿಂದ ಅದನ್ನು ಬಿಡಿಸಬೇಕಾಯಿತು.

"ಬಿಡು ಅಂತ ತಲೆ ಹೇಳ್ತು" ಎಂದ. "ಬೆರಳು ಹೆದರ್ಕೊಂಡು ಮುಷ್ಟಿ ಕಟ್ತು."

ನಜುನ ಎದ್ದು ಹೋಗಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದಳು. ಗಾಡಿಯ ಮೂತಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಮೇಲೆ ಬೆರಳಾಡಿಸುತ್ತ, ಬೆನ್ನು ಮಾಡಿಕೊಂಡೇ ಹೇಳಿದಳು. "ಆವತ್ತು ಚಪ್ಪಲಿ ಜಾರಿದ್ದಲ್ಲ ತಾತ."

ಹೊರಗೆ ಎಲ್ಲೋ ಒಂದು ಫ್ಯಾನು ಗಾಳಿಗೆ ತಾನಾಗಿ ಒಂದು ಸುತ್ತು ಸುತ್ತಿ ನಿಂತಿತು.

"ಗೊತ್ತು" ಎಂದ ತೊಕುಜಿ. "ಚಪ್ಪಲಿ ಎಲ್ಲಿತ್ತು ನನ್ನ ಕಾಲಲ್ಲಿ? ಬೂಟು ಹಾಕ್ಕೊಂಡು ಚಪ್ಪಲಿ ಮೇಲೆ ತಪ್ಪು ಹೊರಿಸ್ದೆ." ರಿಮೋಟನ್ನು ನೆಲಕ್ಕಿಟ್ಟ. "ಆವತ್ತಿಂದ ನಿನ್ನ ಕಾಲು ಬ್ರೇಕ್ ಒತ್ತಾ ಇದೆ. ನಿನ್ನೆ ನೋಡ್ದೆ. ನನ್ನ ಗಾಡೀಲಿ ನೀನು ಹೆದರ್ಕೊಂಡು ಕೂರೋದಾ?"

"ಹೆದರಿಕೆ ಇಲ್ಲ" ಎಂದಳು ನಜುನ. ಆಮೇಲೆ, "ಇದೆ" ಎಂದಳು. ಮತ್ತೂ ಆಮೇಲೆ, ಉಸಿರು ಒಟ್ಟುಮಾಡಿಕೊಂಡು, "ಆದ್ರೆ ಆ ಸೀಟು ಹೋಗ್ಬಿಟ್ರೆ ನಾನೆಲ್ಲಿ ಕೂರ್ಲಿ?"

ತೊಕುಜಿ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಒರೆಸಿದ್ದೇ ಒರೆಸಿದ. ಕೊನೆಗೆ, ಹವಾಮಾನದ ಬಗ್ಗೆ ಕೇಳುವವನ ಹಾಗೆ ಕೇಳಿದ. "ಸೋಮವಾರ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?"

"ಎಂಟು ನಲವತ್ತಕ್ಕೆ."

"ಪೊಲೀಸ್ ಠಾಣೆ ಹತ್ರ ನಿಲ್ಸ್ತಾನಾ?"

"ಇಲ್ಲ, ಸ್ವಲ್ಪ ಹಿಂದೇನೇ ನಿಲ್ಸ್ತಾನೆ. ಅಲ್ಲಿಂದ ನಡೀಬೇಕು."

"ನಡೆದ್ರಾಯ್ತು. ನೀನೂ ಬಾ, ದಾರಿ ತಪ್ಪಿಸ್ಕೊಂಡ್ರೆ ನಿಮ್ಮಮ್ಮ ಬೈತಾಳೆ." ಕನ್ನಡಕ ಹಾಕಿಕೊಂಡ. "ಬಸ್ಸಲ್ಲೂ ಎಡಗಡೆ ಕಿಟಕಿ ಇರುತ್ತೆ ಕಣೇ. ನಾನು ಏನೂ ಕೇಳಲ್ಲ."

ನಜುನ ಮೂಗು ಒರೆಸಿಕೊಂಡಳು. ಗಾಡಿಯನ್ನು ತಂದು ಶೆಡ್ಡಿನ ಬಾಗಿಲ ಹತ್ತಿರ ನೆಲಕ್ಕಿಟ್ಟು, ರಿಮೋಟನ್ನು ತಾತನ ಕೈಗೆ ಕೊಟ್ಟಳು.

"ಇನ್ನೊಂದ್ಸಲ" ಎಂದಳು. "ಈ ಸಲ ಬರೀ ಬಿಡು. ಬ್ರೇಕು ಒತ್ಬೇಡ, ಏನೂ ಮಾಡ್ಬೇಡ. ಬಿಡು ಅಷ್ಟೆ."

ಅವನು ಎಳೆದ. ಗಾಡಿ ಬಾಗಿಲಿಂದ ಒಳಕ್ಕೆ ಓಡಿತು. ಮೊದಲ ಬಿಸಿಲಿನ ಚಾಪೆಯ ಅಂಚಿನಲ್ಲಿ ಅವನು ಬೆರಳನ್ನು ಪೂರ್ತಿ ಬಿಚ್ಚಿ, ಅಂಗೈಯನ್ನೇ ಗಾಳಿಗೆ ಹಿಡಿದ. ಮೋಟಾರಿನ ಸದ್ದು ಆರಿತು. ಒಂದು ಬಿಸಿಲು, ಒಂದು ನೆರಳು, ಮತ್ತೊಂದು ಬಿಸಿಲು. ತಿಳಿಯಾದ ಟ್ರಕ್ಕು ಎರಡು ಕಪ್ಪು ಗೆರೆಗಳ ನಡುವೆ ಸದ್ದಿಲ್ಲದೆ ಹಾದುಹೋಯಿತು. ಗೆರೆಗಳು ಮುಗಿದವು. ಅದು ಇನ್ನೂ ಉರುಳುತ್ತಿತ್ತು.